ಇಬ್ಬರಾದರೆ ಮನೆ

ಬ್ರಿಡ್ಲಿಂಗ್ಟನ್
11 ಫೆಬ್ರವರಿ

ಪ್ರೀತಿಯ ಅಮ್ಮ,

ಭಾನುವಾರ ಫೋನಿನಲ್ಲಿ ನಿನ್ನ ಸಮಯ ಮುಗಿದು ಗಂಟಲು ಕತ್ತರಿಸಿದ ಹಾಗೆ ಮಾತು ನಿಂತುಹೋಯಿತು. ಹೇಳಬೇಕಾದದ್ದು ಉಳಿದುಬಿಟ್ಟಿತು. ಬರೆದರೆ ಯಾರೂ ಮಧ್ಯದಲ್ಲಿ ನಿಲ್ಲಿಸುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೇಲಿನ ಕೋಣೆಯ ಗ್ಯಾರಿಯ ವಿಷಯ. ಈ ಮನೆಯಲ್ಲಿ ಆರು ಜನ, ಒಂದು ಅಡುಗೆಮನೆ, ಒಂದು ಬಚ್ಚಲು. ಉಳಿದ ನಾಲ್ವರ ಬಗ್ಗೆ ನನಗೆ ತಕರಾರಿಲ್ಲ. ಗ್ಯಾರಿ ಮಾತ್ರ ನಾನು ಕೋಣೆಯಲ್ಲಿದ್ದೇನೆಂದು ಗೊತ್ತಿದ್ದೂ ಹೊರಗಿನಿಂದ ಬಾಗಿಲಿನ ಹಿಡಿಯನ್ನು ಒತ್ತುತ್ತಾನೆ. ಬಡಿಯುವುದಿಲ್ಲ, ಕರೆಯುವುದಿಲ್ಲ. ನಿಧಾನವಾಗಿ ಒತ್ತುತ್ತಾನೆ, ಬೀಗ ಇದೆ ಎಂದು ತಿಳಿದ ಮೇಲೆ ಅಷ್ಟೇ ನಿಧಾನವಾಗಿ ಬಿಡುತ್ತಾನೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಸಿಕ್ಕಿ, "ನಿದ್ದೆ ಚೆನ್ನಾಗಿ ಬಂತೇನಮ್ಮಾ?" ಎನ್ನುತ್ತಾನೆ. ಮನೆ ಮಾಲೀಕನಿಗೆ ಹೇಳಿದೆ. "ಪಾಪ, ಬಚ್ಚಲು ಅಂದ್ಕೊಂಡಿರ್ತಾನೆ ಬಿಡು" ಎಂದ. ಬಚ್ಚಲು ಇರುವುದು ಕೆಳಗೆ.

ಬೇರೆ ಜಾಗ ಸಿಗುತ್ತದೋ ನೋಡೋಣ ಎಂದು ಊರಿನ ಕೌನ್ಸಿಲ್ ಕಚೇರಿಗೆ ಹೋಗಿದ್ದೆ. ಚಳಿಗಾಲದಲ್ಲಿ ಕೆಫೆಯಲ್ಲಿ ಕೆಲಸ ಕಡಿಮೆ. ಬಾಡಿಗೆಗೆ ಸರ್ಕಾರದ ನೆರವೇ ಗತಿ. ಕಿಟಕಿಯ ಹಿಂದಿದ್ದ ಹೆಂಗಸು ನನ್ನ ಹುಟ್ಟಿದ ದಿನಾಂಕ ನೋಡಿದಳು. ಮೂವತ್ತೈದು ತುಂಬದ ಒಂಟಿ ಜನಕ್ಕೆ ಹಂಚಿಕೊಂಡಿರುವ ಮನೆಯಲ್ಲಿ ಒಂದು ಕೋಣೆಗೆ ಎಷ್ಟೋ ಅಷ್ಟೇ ಕೊಡುವುದು, ಅದಕ್ಕಿಂತ ಒಂದು ಪೌಂಡ್ ಹೆಚ್ಚಿಲ್ಲ ಎಂದಳು. ನನಗಿನ್ನೂ ಇಪ್ಪತ್ತನಾಲ್ಕು. ಹೊರಗೆ ಬಂದು ಪಕ್ಕದ ಕೋಣೆಯ ಕೀರನ್‌ಗೆ ಹೇಳಿದೆ. ಅವನಿಗೂ ಅದೇ ಕಥೆ. ಅವನಿಗೆ ಒಬ್ಬ ಮಗ ಇದ್ದಾನೆ, ರೂಬೆನ್ ಅಂತ, ನಾಲ್ಕು ವರ್ಷ. ಶನಿವಾರಗಳಲ್ಲಿ ಅವನನ್ನು ಈ ಮನೆಗೆ ಕರೆತರಲು ಮಗುವಿನ ತಾಯಿ ಒಪ್ಪುವುದಿಲ್ಲ. ಗ್ಯಾರಿಯನ್ನು ನೋಡಿದ ಯಾರೂ ಒಪ್ಪುವುದಿಲ್ಲ.

ಕೀರನ್ ಏನೆಂದ ಗೊತ್ತಾ? "ಜೋಡಿ ಆದ್ರೆ ವಯಸ್ಸು ಕೇಳಲ್ಲ ಕಣೇ. ಜೋಡಿಗೆ ಒಂದು ಇಡೀ ಮನೆಗಾಗೋವಷ್ಟು ಕೊಡ್ತಾರೆ. ಬಾ, ನನ್ನ ಹೆಂಡ್ತಿ ಆಗು." ನಿನಗಿಂತ ಆ ಬಂದರಿನ ಕಡಲಹಕ್ಕಿಗೆ ಮುತ್ತು ಕೊಡ್ತೀನಿ ಎಂದೆ. ಇಬ್ಬರೂ ನಕ್ಕೆವು. ಬಹಳ ದಿನಗಳ ಮೇಲೆ ನಕ್ಕಿದ್ದು.

ನಿನ್ನ
ಟೇಗನ್


ಮಹಿಳಾ ಕಾರಾಗೃಹ
19 ಫೆಬ್ರವರಿ

ಮಗಳೇ,

ಬಾಗಿಲಿಗೆ ಡ್ರಾಯರ್ ಪೆಟ್ಟಿಗೆ ಅಡ್ಡ ಇಟ್ಟು ಮಲಗು. ತುಂಬಿದ ಪೆಟ್ಟಿಗೆ, ಖಾಲಿಯದಲ್ಲ. ಆ ಗ್ಯಾರಿಯ ಜೊತೆ ಅಡುಗೆಮನೆಯಲ್ಲಿ ಒಬ್ಬಳೇ ನಿಲ್ಲಬೇಡ. ಅವನ ಮಾತಿಗೆ ನಗಬೇಡ. ಸಭ್ಯತೆಗೂ ನಗಬೇಡ.

ನಮ್ಮ ಪಕ್ಕದ ಕೊಠಡಿಯ ಪಾಲೆಟ್‌ಗೆ ನಿನ್ನ ಕಾಗದ ಓದಿ ಹೇಳಿದೆ. "ಹಾಗಾದ್ರೆ ಮೂವತ್ತೈದರವರೆಗೂ ಒಂಟಿ ಅಂದ್ರೆ ಅರ್ಧ ಮನುಷ್ಯರು ಅಂತಾಯ್ತು" ಎಂದಳು. "ನಾನೇ ವಾಸಿ, ನನಗೆ ನಲವತ್ತೊಂಬತ್ತಕ್ಕೆ ಇಡೀ ಕೋಣೆ ಕೊಟ್ಟಿದ್ದಾರೆ, ಬಾಗಿಲಿಗೆ ಬೀಗ ಹಾಕೋಕೂ ಆಳಿದ್ದಾರೆ."

ಜೋಡಿ, ಒಂಟಿ, ಈ ಮಾತುಗಳಲ್ಲಿ ತಮಾಷೆ ಬೇಡ ಟೇಗನ್. ನಾನು ಇಲ್ಲಿ ಯಾಕಿದ್ದೇನೆ ಎಂಬುದು ನಿನಗೆ ಗೊತ್ತಿದೆ. ಟೆರಿ ನನ್ನ ಗಂಡನ ಹಾಗೆ ನಮ್ಮ ಮನೆಯಲ್ಲಿದ್ದಾಗ ನಾನು ಒಬ್ಬಳೇ ಇದ್ದೇನೆ ಎಂದು ವರ್ಷವರ್ಷವೂ ಸಹಿ ಹಾಕಿ ನೆರವು ಪಡೆದೆ. ಅವರು ಅದನ್ನು ಕಳ್ಳತನ ಎಂದರು. ಟೆರಿ ಈಗ ಸ್ಪೇನ್‌ನ ಯಾವುದೋ ಬೀಚಿನಲ್ಲಿದ್ದಾನೆ.

ಆ ಹುಡುಗ ಕೀರನ್‌ಗೆ ನಾನು ಕೇಳಿದೆನೆಂದು ಹೇಳಬೇಡ. ಅವನ ಪರಿಚಯ ನನಗೆ ಬೇಡ.

ಅಮ್ಮ


ಬ್ರಿಡ್ಲಿಂಗ್ಟನ್
23 ಮಾರ್ಚ್

ಪ್ರೀತಿಯ ಅಮ್ಮ,

ಲಕೋಟೆಯ ಹಿಂದೆ ಹೊಸ ವಿಳಾಸ ಬರೆದಿದ್ದೇನೆ, ನೋಡು. ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಮಹಡಿ. ಒಂದು ಮಲಗುವ ಕೋಣೆ, ಒಂದು ಕೂರುವ ಕೋಣೆ, ನಮ್ಮದೇ ಬಚ್ಚಲು, ನಮ್ಮದೇ ಅಡುಗೆಮನೆ. ಕೆಳಗೆ ಯಂತ್ರಗಳು ತಿರುಗುವಾಗ ನೆಲ ಬೆಚ್ಚಗಿರುತ್ತದೆ.

ನಾನೂ ಕೀರನ್ನೂ ಒಟ್ಟಿಗೆ ಇದ್ದೇವೆ. ಅರ್ಜಿಯಲ್ಲಿ ಹಾಗೆಯೇ ಬರೆದಿದ್ದೇವೆ. ನಿನಗೆ ಆಶ್ಚರ್ಯವಾಗಬಹುದು. ಫೆಬ್ರವರಿಯ ನನ್ನ ಕಾಗದ ನಿನಗೆ ನೆನಪಿರುತ್ತದೆ. ಮನಸ್ಸು ಬದಲಾಗುತ್ತದೆ ಎಂದಷ್ಟೇ ಬರೆಯುತ್ತೇನೆ.

ಮನಸ್ಸು ಬದಲಾದದ್ದು ಮಾರ್ಚ್ ಮೊದಲ ವಾರ. ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗ್ಯಾರಿ ನನ್ನ ಹಾಸಿಗೆಯ ಮೇಲೆ ಕುಳಿತಿದ್ದ. ಬೂಟು ಬಿಚ್ಚಿಟ್ಟಿದ್ದ. "ಬಾಗಿಲು ತೆಗೆದೇ ಇತ್ತಲ್ಲಮ್ಮಾ" ಎಂದ. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಕೀರನ್ ಬಂದು ಅವನ ಬೂಟು ಎತ್ತಿ ಮೆಟ್ಟಿಲಿನಿಂದ ಕೆಳಗೆ ಎಸೆದ. ಗ್ಯಾರಿ ಬೂಟಿನ ಹಿಂದೆ ಹೋದ.

ಈಗ ನನಗೆ ಮಲಗುವ ಕೋಣೆ ಇದೆ. ಒಳಗಿನಿಂದ ಚಿಲಕ ಹಾಕಿಸಿದ್ದೇನೆ. ಕೀರನ್‌ಗೆ ಕೂರುವ ಕೋಣೆಯ ಸೋಫಾ ಬಹಳ ಇಷ್ಟ. ಸಂತೋಷ ಪಡು ಅಮ್ಮ.

ಟೇಗನ್


ಮಹಿಳಾ ಕಾರಾಗೃಹ
2 ಏಪ್ರಿಲ್

ಮಗಳೇ,

ಸಂತೋಷ. ಇಲ್ಲಿಗೆ ಬರುವ ಕಾಗದ ನನಗಿಂತ ಮೊದಲು ಯಾರು ಓದುತ್ತಾರೆ, ಇಲ್ಲಿಂದ ಹೋಗುವುದನ್ನು ಯಾರು ಓದುತ್ತಾರೆ ಎಂಬುದು ನಿನಗೆ ಗೊತ್ತು. ಆದ್ದರಿಂದ ಸಂತೋಷ ಎಂದು ಇನ್ನೊಮ್ಮೆ ಬರೆಯುತ್ತೇನೆ.

ಹೊಸದಾಗಿ ಸಂಸಾರ ಹೂಡಿದವರಿಗೆ ತಾಯಿಯಾದವಳು ಬುದ್ಧಿ ಹೇಳುವುದು ಎಲ್ಲೆಲ್ಲೂ ಇರುವಂಥದ್ದೇ. ನನ್ನ ಕೇಸಿನಲ್ಲಿ ತನಿಖೆಯವನು ನಮ್ಮ ಬಚ್ಚಲಿನಲ್ಲಿ ಒಂದೇ ಲೋಟದೊಳಗೆ ಎರಡು ಹಲ್ಲುಜ್ಜುವ ಬ್ರಷ್ ನೋಡಿ ಬರೆದುಕೊಂಡ. ನ್ಯಾಯಾಲಯದಲ್ಲಿ ಅದನ್ನು ಓದಿ ಹೇಳಿದ. ಆಗ ನನಗೆ ಅರ್ಥವಾಯಿತು, ಒಟ್ಟಿಗೆ ಬಾಳುವವರು ಯಾರು ಎಂದು ಅವರು ಎದೆಯೊಳಗೆ ಇಣುಕಿ ನೋಡುವುದಿಲ್ಲ, ಬಚ್ಚಲಿನೊಳಗೆ ನೋಡುತ್ತಾರೆ.

ನಿನ್ನ ಬಟ್ಟೆಯನ್ನೂ ಅವನ ಬಟ್ಟೆಯನ್ನೂ ಒಂದೇ ಹಗ್ಗದ ಮೇಲೆ ಒಣಗಿಸು. ಸೋಫಾ ಮೇಲೆ ಹೊದಿಕೆ ಹಗಲಿನಲ್ಲಿ ಬೇಡ. ಆಗಾಗ ಕೆಳಗಿನವರಿಗೆ ಕೇಳುವ ಹಾಗೆ ಜಗಳ ಆಡಿ. ನಾನೂ ಟೆರಿಯೂ ಆಡುತ್ತಿದ್ದೆವು, ಅದಕ್ಕೂ ಒಬ್ಬಳು ಸಾಕ್ಷಿ ಹೇಳಿದಳು.

ಅಮ್ಮ


ಬ್ರಿಡ್ಲಿಂಗ್ಟನ್
28 ಏಪ್ರಿಲ್

ಪ್ರೀತಿಯ ಅಮ್ಮ,

ಜಗಳ ಬರುವುದಿಲ್ಲ. ಪ್ರಯತ್ನ ಮಾಡಿದೆವು. ಕೀರನ್ "ನಿನ್ನ ಅಡುಗೆ ಹೊಟ್ಟೆ ಕೆಡಿಸುತ್ತೆ ಕಣೇ!" ಎಂದು ಕೂಗಿದ. ಕೂಗಿದ ಮೇಲೆ ಮೆಲ್ಲಗೆ, "ಸುಮ್ನೆ ಅಂದಿದ್ದು, ಸಾಸೇಜ್ ಚೆನ್ನಾಗಿತ್ತು" ಎಂದ.

ಕೆಳಗಿನ ಅಂಗಡಿ ನೋಡಿಕೊಳ್ಳುವ ಬೆರಿಲ್ ಬಹಳ ಒಳ್ಳೆಯ ಹೆಂಗಸು, ಬಹಳ ಪ್ರಶ್ನೆಯ ಹೆಂಗಸು. "ನೀವಿಬ್ರೂ ಮೊದಲು ಸಿಕ್ಕಿದ್ದು ಎಲ್ಲಿ?" ಎಂದಳು. ನಾನು "ಕೆಲಸದಲ್ಲಿ" ಎಂದೆ, ಅದೇ ಕ್ಷಣಕ್ಕೆ ಅವನು "ಬಸ್ಸಿನಲ್ಲಿ" ಎಂದ. ಬೆರಿಲ್ ನಕ್ಕು, "ನಮ್ಮ ಯಜಮಾನರಿಗೂ ಹಾಗೇ, ಏನೂ ನೆನಪಿರಲ್ಲ" ಎಂದಳು. ಮೇಲೆ ಹೋಗುವಾಗ ನಾನು ಬಹಳ ಹೊತ್ತು ಮೆಟ್ಟಿಲ ಮೇಲೇ ಕುಳಿತಿದ್ದೆ.

ಶನಿವಾರಗಳಲ್ಲಿ ರೂಬೆನ್ ಬರುತ್ತಾನೆ. ಕಿಟಕಿಗೆ ಮೂಗು ಒತ್ತಿ ಬಸ್ಸುಗಳಿಗೆ ಹೆಸರಿಡುತ್ತಾನೆ. ಕೀರನ್ ಅವನಿಗಾಗಿಯೇ ಉಸಿರಾಡುವ ಹಾಗಿದ್ದಾನೆ. ಮಗು ಬಂದ ದಿನ ಈ ಮನೆ ನಿಜವಾದ ಮನೆಯೇ.

ಉಳಿದ ದಿನ ಬಾಗಿಲು ಬಡಿದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತೇವೆ. ಪಾರ್ಸೆಲ್ ಹುಡುಗನೇ ಆಗಿರಲಿ, ಕೀರನ್ ಮೊದಲು ಹೊದಿಕೆ ಮಡಚುತ್ತಾನೆ. ಆದರೂ ಎಲ್ಲ ಶಿಸ್ತಾಗಿ ನಡೆಯುತ್ತಿದೆ. ಅವನ ಹಾಲು ಅವನು ತರುತ್ತಾನೆ, ನನ್ನದು ನಾನು. ಮೊಟ್ಟೆಗಳ ಮೇಲೆ ಹೆಸರಿನ ಮೊದಲಕ್ಷರ ಬರೆದಿಟ್ಟಿದ್ದೇವೆ. ಹಂಚಿಕೊಂಡ ಮನೆಗಳಲ್ಲಿ ಬದುಕಿದವರಿಗೆ ಇದಿಲ್ಲದೆ ಆಗುವುದಿಲ್ಲ. ಎಲ್ಲ ಜಗಳಗಳೂ ಹಾಲಿನಿಂದಲೇ ಶುರುವಾಗುವುದು ನೋಡು.

ಒಂದೇ ತೊಂದರೆ, ಕೆಳಗಿನ ಯಂತ್ರಗಳ ಹಬೆಗೆ ಗೋಡೆಯೆಲ್ಲ ಬೂಷ್ಟು. ರೂಬೆನ್ ಕೆಮ್ಮುತ್ತಿದ್ದ. ಮಾಲೀಕ ಕೇಳಲಿಲ್ಲ. ನಾನು ಕೌನ್ಸಿಲ್‌ಗೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ.

ಟೇಗನ್


ಮಹಿಳಾ ಕಾರಾಗೃಹ
7 ಮೇ

ಟೇಗನ್,

ಹಾಲು ಒಂದೇ ತನ್ನಿ. ಮೊಟ್ಟೆ ಮೇಲಿನ ಅಕ್ಷರ ಅಳಿಸು. ಈ ಕಾಗದ ಸಿಕ್ಕ ದಿನವೇ. ಗಂಡ ಹೆಂಡತಿ ಎಲ್ಲಿಯಾದರೂ ಮೊಟ್ಟೆಗೆ ಹೆಸರು ಬರೆಯುತ್ತಾರೇನೇ?

ಬೂಷ್ಟಿನ ಬಗ್ಗೆ ಯಾರನ್ನೂ ಮನೆಗೆ ಕರೆಯಬೇಡ. ಕರೆದಿದ್ದರೆ ಗೋಡೆ ಒಣಗಿತು ಎಂದು ಹೇಳು.

ಅಮ್ಮ


ಬ್ರಿಡ್ಲಿಂಗ್ಟನ್
9 ಮೇ

ಅಮ್ಮ,

ಕೌನ್ಸಿಲ್‌ನವರು ನಿನ್ನೆ ಬಂದರು. ಮಿಸೆಸ್ ಓಲ್ಡ್‌ರಾಯ್ಡ್ ಎಂದು, ಮನೆಗಳ ಸ್ಥಿತಿ ನೋಡುವ ಇಲಾಖೆಯವರು. ನಿನ್ನ ವಯಸ್ಸು, ದಪ್ಪ ಕನ್ನಡಕ, ಮೆಟ್ಟಿಲು ಹತ್ತಿ ಏದುಸಿರು. ಬೂಷ್ಟು ನೋಡಲು ಮಾತ್ರ ಬಂದಿದ್ದು. ಫ್ರಿಜ್ಜಿನ ಹಿಂದಿನ ಗೋಡೆ ನೋಡಬೇಕು ಎಂದರು. ಫ್ರಿಜ್ ಸರಿಸುವಾಗ ಬಾಗಿಲು ತೆರೆದುಕೊಂಡಿತು. ಎರಡು ಹಾಲಿನ ಬಾಟಲಿ, ಎರಡರ ಮೇಲೂ ಹೆಸರು. ಮೊಟ್ಟೆಗಳು. ಬೆಣ್ಣೆ ಕೂಡ ಎರಡು. ಅವರು ಏನೂ ಹೇಳದೆ ಬಾಗಿಲು ಮುಚ್ಚಿದರು.

ಆಮೇಲೆ ಮಲಗುವ ಕೋಣೆಯ ಗೋಡೆ ನೋಡಿದರು. ಒಳಗಿನ ಚಿಲಕ ನೋಡಿದರು. ನನ್ನ ಹಾಸಿಗೆಯ ಪಕ್ಕ ನಾನು ಅಡಗಿಸಿಟ್ಟ ಟಾಯ್ಲೆಟ್ ಕಾಗದದ ಸುರುಳಿಗಳನ್ನೂ ನೋಡಿದರು. ಹಳೇ ಮನೆಯ ಅಭ್ಯಾಸ ಅದು, ಅಲ್ಲಿ ಬಚ್ಚಲಲ್ಲಿಟ್ಟರೆ ಒಂದೂ ಉಳಿಯುತ್ತಿರಲಿಲ್ಲ. ಮುಗಿಯಿತು ಎಂದುಕೊಂಡೆ. ಅವರು ಬಾಗಿಲು ಮುಂದೆ ಮಾಡಿ, ನನ್ನ ಪಕ್ಕ ಬಂದು ದನಿ ತಗ್ಗಿಸಿದರು.

"ನೆರವಿನ ದುಡ್ಡು ಯಾರ ಖಾತೆಗೆ ಬರುತ್ತಮ್ಮಾ?"

"ಕೀರನ್ ಖಾತೆಗೆ. ಜೋಡಿಗೆ ಒಂದೇ ಖಾತೆಗೆ ಹಾಕ್ತಾರಲ್ಲ."

"ನಿನ್ನ ಊಟ ನೀನು ಬೇರೆ ಇಟ್ಕೋಬೇಕಾ?"

ನಾನು ಆ ಸುರುಳಿಗಳನ್ನು ಕಾಲಿನಿಂದ ಹಾಸಿಗೆಯ ಕೆಳಗೆ ತಳ್ಳಿದೆ.

"ರಾತ್ರಿ ಈ ಚಿಲಕ ಹಾಕ್ಕೋತೀಯಾ?"

"ಹ್ಞೂಂ."

"ನೋಡು ಕಂದಾ, ಈ ಕೆಲಸದಲ್ಲಿ ಇಂಥದ್ದು ನಾನು ಬಹಳ ನೋಡಿದೀನಿ. ಅವನಿಗೆ ಹೆದರ್ತೀಯಾ?"

ಅಮ್ಮ, ನೀನು ಹೆದರಿದ ಅನುಮಾನ ಅವರಿಗೆ ಬರಲೇ ಇಲ್ಲ. ಕೀರನ್ ನನ್ನನ್ನು ಹಿಂಸಿಸುತ್ತಾನೆ ಎಂದುಕೊಂಡಿದ್ದಾರೆ. ನಾನು ಹೌದು ಎಂದರೆ, ಸಂಗಾತಿಯಿಂದ ಹಿಂಸೆ ಅನುಭವಿಸಿದವರಿಗೆ ಆ ಮೂವತ್ತೈದರ ನಿಯಮ ಇಲ್ಲವಂತೆ. ಅವರು ಪತ್ರ ಬರೆದುಕೊಟ್ಟರೆ ನನ್ನೊಬ್ಬಳ ಹೆಸರಿಗೇ ಒಂದು ಇಡೀ ಮನೆಗಾಗುವಷ್ಟು ನೆರವು ಬರುತ್ತದಂತೆ. ಯಾರೂ ಮುಂದೆ ಕೇಳುವುದಿಲ್ಲವಂತೆ.

"ಆ ಮಗು ಇಲ್ಲಿಗೆ ಬರುತ್ತಲ್ಲ, ಅದರ ವಿಷಯಾನೂ ನಾನು ಹೇಳಲೇಬೇಕಾಗುತ್ತೆ" ಎಂದರು. ಗೋಡೆಯಾಚೆ ಕೀರನ್ ರೂಬೆನ್ ಶನಿವಾರ ಬಿಟ್ಟುಹೋದ, ಇನ್ನೂ ಒಣಗದ ಶೂಗಳಿಗೆ ಹಳೇ ಪೇಪರ್ ತುರುಕುತ್ತಿದ್ದ ಸದ್ದು ಕೇಳುತ್ತಿತ್ತು.

ಯೋಚನೆ ಮಾಡು, ಎರಡು ವಾರ ಬಿಟ್ಟು ಒಬ್ಬಳೇ ಇರುವಾಗ ಬರುತ್ತೇನೆ ಎಂದು ಹೋದರು. ಕೀರನ್ ನನ್ನ ಮೇಲೆ ಒಂದು ದಿನವೂ ಕೈ ಎತ್ತಿಲ್ಲ. ಇದು ಸತ್ಯ. ಬೇರೆ ಏನೂ ಇಲ್ಲಿ ಬರೆಯುವಂತಿಲ್ಲ.

ಟೇಗನ್


ಮಹಿಳಾ ಕಾರಾಗೃಹ
14 ಮೇ

ಮಗಳೇ,

ಆ ಹೆಂಗಸು ಕೇಳಿದ್ದಕ್ಕೆ ಅವಳಿಗೆ ಬೇಕಾದ ಉತ್ತರ ಕೊಡು.

ಈ ಸಾಲು ಬರೆದು ನಾಚಿಕೆಯಾಗಿ ಹೊಡೆದುಹಾಕಬೇಕೆಂದೆ. ಹೊಡೆಯುವುದಿಲ್ಲ. ಎಲ್ಲ ಹೆಣ್ಣಿಗೂ ಯಾರೋ ಒಬ್ಬ ಏನೋ ಒಂದು ಮಾಡಿಯೇ ಇರುತ್ತಾನೆ. ನಿನಗೆ ಗ್ಯಾರಿ ಮಾಡಿದ. ಹೆಸರು ಬೇರೆ, ಅಷ್ಟೇ. ಒಂದು ಮಾತಿಗೆ ನಿನಗೆ ಬಾಗಿಲು, ಗೋಡೆ, ನಿನ್ನದೇ ಹೆಸರು ಸಿಗುತ್ತದೆ. ಇನ್ನೊಂದು ಮಾತಿಗೆ ನನ್ನ ಪಕ್ಕದ ಕೊಠಡಿ ಸಿಗುತ್ತದೆ.

ಇಲ್ಲಿ ಹೇಗಿರುತ್ತದೆ ಎಂದು ನಿನಗೆ ನಾನು ಯಾವತ್ತೂ ಬರೆದಿಲ್ಲ. ಪಾಲೆಟ್‌ನ ತಮಾಷೆಗಳನ್ನಷ್ಟೇ ಬರೆದೆ. ಮೊದಲ ತಿಂಗಳು ನಾನು ಊಟಕ್ಕೆ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಅಷ್ಟು ಹೆದರಿದ್ದೆ. ಯಾಕೆಂದು ಕೇಳಬೇಡ.

ಕೀರನ್ ಗಂಡಸು. ಹೇಗೋ ಬದುಕಿಕೊಳ್ಳುತ್ತಾನೆ. ಅವನು ನಿನಗೆ ಯಾರು? ನೀನು ನನ್ನ ಮಗಳು.

ಅಮ್ಮ


ಬ್ರಿಡ್ಲಿಂಗ್ಟನ್
2 ಜೂನ್

ಅಮ್ಮ,

ನಿನ್ನ ಕಾಗದವನ್ನು ಕೀರನ್‌ಗೆ ತೋರಿಸಲಿಲ್ಲ. ಮಿಸೆಸ್ ಓಲ್ಡ್‌ರಾಯ್ಡ್ ಕೇಳಿದ್ದನ್ನು ಮಾತ್ರ ಹೇಳಿದೆ. ಅವನು ಕೆಟಲಿಗೆ ನೀರು ತುಂಬಿ, ಕಾಯಲು ಇಡದೆ ನನ್ನ ಕಡೆ ತಿರುಗಿದ.

"ಹೌದು ಅಂದ್ರೆ ನಿನಗೆ ಮನೆ ಸಿಗುತ್ತಾ?"

"ಸಿಗುತ್ತಂತೆ."

"ನನಗೆ?"

ಉತ್ತರವನ್ನೂ ಅವನೇ ಹೇಳಿದ: "ರೂಬೆನ್‌ನ ನೋಡೋಕೆ ಬಿಡಲ್ಲ. ಹೆಂಗಸಿಗೆ ಹೊಡಿಯೋನು ಅಂತ ಒಂದ್ಸಲ ಬರೆದ್ರೆ ಆಯ್ತು." ಆಮೇಲೆ ಇನ್ನೊಂದು ಮಾತು ಹೇಳಿದ, ಅದನ್ನು ನಾನು ಮರೆಯುವುದಿಲ್ಲ. "ನೀನು ಹಾಗೆ ಹೇಳಿದ್ರೆ ಎಲ್ರೂ ನಂಬ್ತಾರೆ ಅಲ್ವಾ ಟೇಗ್?" ಅವನು ನನಗೆ ಹೆದರಿದ್ದ. ಗ್ಯಾರಿಗೆ ನಾನು ಹೆದರಿದ ಹಾಗೆ.

ಆ ವಾರ ಅವನು ನನ್ನ ಜೊತೆ ಒಂದು ಕೋಣೆಯಲ್ಲಿ ಕೂರಲಿಲ್ಲ. ನಾನು ಬಂದರೆ ಎದ್ದು ಹೋಗುತ್ತಿದ್ದ. ಬಾಗಿಲು ಸದ್ದಾಗದಂತೆ ಮುಚ್ಚುತ್ತಿದ್ದ, ಜೋರಾಗಿ ಮುಚ್ಚಿದರೂ ಸಾಕ್ಷಿ ಆಗುತ್ತದೆಂಬಂತೆ.

ಮಿಸೆಸ್ ಓಲ್ಡ್‌ರಾಯ್ಡ್ ಮಂಗಳವಾರ ಬಂದರು. ಕೀರನ್ ಕೆಲಸ ಹುಡುಕಲು ಹೋಗಿದ್ದ. ನಾನು ಟೀ ಕೊಟ್ಟೆ. ನಿನ್ನ ಕಾಗದ ನನ್ನ ಜೇಬಿನಲ್ಲಿತ್ತು. ಹೌದು ಎಂದೇ ಹೇಳಬೇಕೆಂದು ನಿರ್ಧರಿಸಿದ್ದೆ ಅಮ್ಮ, ನಿನಗೆ ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಕನ್ನಡಿ ಮುಂದೆ ಹೇಳಿ ನೋಡಿದ್ದೆ.

ಅವರು ನನ್ನ ಕೈ ಹಿಡಿದುಕೊಂಡು, "ಹೊತ್ತು ತಗೋ ಕಂದಾ, ಅವನು ಏನು ಮಾಡ್ತಾನೆ ಅಂತ ನಿನ್ನ ಮಾತಲ್ಲೇ ಹೇಳು" ಎಂದರು. ಅವನು ಏನು ಮಾಡುತ್ತಾನೆ? ಹೊದಿಕೆ ಮಡಚುತ್ತಾನೆ. ಶೂಗೆ ಪೇಪರ್ ತುರುಕುತ್ತಾನೆ. ಹೇಳಬೇಕೆಂದರೆ ಗ್ಯಾರಿ ಮಾಡಿದ್ದನ್ನು ಎತ್ತಿ ಅವನ ಮೈಮೇಲೆ ಹಾಕಬೇಕಿತ್ತು. ಗ್ಯಾರಿಯನ್ನು ಹೊರಗೆ ಅಟ್ಟಿದವನ ಮೈಮೇಲೆ.

"ನಾವು ಜೋಡಿ ಅಲ್ಲ ಮೇಡಂ" ಎಂದೆ. "ಯಾವತ್ತೂ ಆಗಿರಲಿಲ್ಲ. ಮನೆಗೋಸ್ಕರ ಬರೆದಿದ್ದು."

ಅವರು ಕೈ ಬಿಟ್ಟರು. ಕನ್ನಡಕ ತೆಗೆದು ಒರೆಸಿದರು. "ಇದನ್ನ ನೀನು ಹೇಳಬಾರದಿತ್ತು" ಎಂದರು. "ಕೇಳಿದ್ದನ್ನ ಕೇಳಿಲ್ಲ ಅನ್ನೋಕೆ ನನಗಾಗಲ್ಲ." ಟೀ ಪೂರ್ತಿ ಕುಡಿದರು. ಹೋಗುವಾಗ ಬಾಗಿಲ ಹತ್ತಿರ ನಿಂತು, "ನನ್ನ ಮಗಳಿಗೂ ನಿನ್ನದೇ ವಯಸ್ಸು. ನಮ್ಮ ಕೂರುವ ಕೋಣೆಯಲ್ಲೇ ಮಲಗ್ತಾಳೆ" ಎಂದರು.

ಕೀರನ್ ಸಂಜೆ ಬಂದ. ಹೇಳಿದೆ. ಗೋಡೆಗೆ ಒರಗಿ ಕುಳಿತು, "ನನ್ನ ಹೆಸರು ಉಳಿಸಿದೆ, ಮನೆ ತೆಗೆದೆ" ಎಂದ. "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲೇ." ಹೌದು, ಕೇಳಬಹುದಿತ್ತು.

ಟೇಗನ್


ಮಹಿಳಾ ಕಾರಾಗೃಹ
12 ಜೂನ್

ಮಗಳೇ,

ನಿನ್ನ ಕಾಗದ ಬಂದು ದಿನಗಳಾದವು. ಬರೆಯಲು ಕುಳಿತರೆ ಕೈ ಏಳುತ್ತಿರಲಿಲ್ಲ.

ತನಿಖೆಯವರು ಕರೆದಾಗ ಒಬ್ಬಳೇ ಹೋಗಬೇಡ. ಉಚಿತ ವಕೀಲರನ್ನು ಕೇಳಿ ಪಡೆ, ಕೇಳದೆ ಅವರಾಗಿ ಕೊಡುವುದಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಅಳಬೇಡ. ನಾನು ಅತ್ತೆ, ಅವರು ಅದನ್ನೂ ಬರೆದುಕೊಂಡರು.

ಮೇ ತಿಂಗಳ ನನ್ನ ಕಾಗದವನ್ನು ಹರಿದುಹಾಕು. ನಿನ್ನ ಮೇಲೆ ಕೋಪವಿಲ್ಲ. ಬಾಗಿಲು ತೆಗೆದಾಗಲೆಲ್ಲ ಹೊಸದಾಗಿ ಬಂದವರ ಮುಖ ನೋಡುತ್ತೇನೆ, ನೀನಲ್ಲ ಎಂದು ಖಚಿತವಾಗುವವರೆಗೆ.

ಅಮ್ಮ


ಬ್ರಿಡ್ಲಿಂಗ್ಟನ್
20 ಜುಲೈ

ಪ್ರೀತಿಯ ಅಮ್ಮ,

ನ್ಯಾಯಾಲಯ ಇಲ್ಲ. ಮೊದಲು ಅದನ್ನು ಬರೆದುಬಿಡುತ್ತೇನೆ, ನೀನು ಉಸಿರು ಬಿಡು. ಕೆಲವೇ ತಿಂಗಳು ಪಡೆದದ್ದು, ನಾವೇ ಹೇಳಿದ್ದು, ಅದಕ್ಕೆ ಬಿಟ್ಟರು. ಹೆಚ್ಚಾಗಿ ಪಡೆದದ್ದನ್ನು ಇಬ್ಬರ ನೆರವಿನಿಂದಲೂ ಪ್ರತಿ ತಿಂಗಳು ಮುರಿದುಕೊಳ್ಳುತ್ತಾರೆ. ವಕೀಲರು ಬಂದಿದ್ದರು. ನಾನು ಅಳಲಿಲ್ಲ.

ಮನೆ ಬಿಟ್ಟೆವು. ಕೀರನ್ ಹಲ್ ನಗರದಲ್ಲಿರುವ ಅಣ್ಣನ ಮನೆಗೆ ಹೋದ. ಶನಿವಾರಗಳಲ್ಲಿ ಬಸ್ಸಿನಲ್ಲಿ ಬಂದು ರೂಬೆನ್‌ನನ್ನು ಸಮುದ್ರದ ದಂಡೆಯಲ್ಲಿ ಸುತ್ತಾಡಿಸಿ ವಾಪಸ್ಸು ಹೋಗುತ್ತಾನೆ. ಮಳೆ ಬಂದರೆ ಬಸ್ ನಿಲ್ದಾಣದಲ್ಲಿ ಕೂರುತ್ತಾರೆ. ಒಮ್ಮೆ ದೂರದಿಂದ ನೋಡಿದೆ. ಮಗು ಕೈ ಬೀಸಿತು. ಅವನೂ ಬೀಸಿದ, ಆದರೆ ಹತ್ತಿರ ಬರಲಿಲ್ಲ.

ನಾನು ಐದು ವಾರ ಬೆರಿಲ್‌ಳ ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಮಲಗಿದೆ. ಅವಳ ಯಜಮಾನರಿಗೆ ತಿಳಿಯಬಾರದಿತ್ತು. ಅಷ್ಟೂ ದಿನ ಕೋಣೆ ಹುಡುಕಿದೆ. ನೆರವಿನ ಜನಕ್ಕೆ ಇಲ್ಲ ಎನ್ನುತ್ತಿದ್ದರು, ಅಥವಾ ನೋಡಲು ಹೋದಾಗ ಈಗ ತಾನೇ ಕೊಟ್ಟೆವು ಎನ್ನುತ್ತಿದ್ದರು. ನೆರವಿನಷ್ಟೇ ಬಾಡಿಗೆಯ ಒಂದೇ ಒಂದು ಕೋಣೆ ಸಿಕ್ಕಿತು. ನಿನ್ನೆ ನೋಡಲು ಹೋದೆ.

ಮೂರು ಮಹಡಿ, ಹಿಂದೆ ಹೋಟೆಲ್ ಆಗಿತ್ತಂತೆ. ಎಂಟು ಬಾಡಿಗೆದಾರರು, ಎಂಟೂ ಗಂಡಸರು. ನಾನು ಹೋದಾಗ ಅಡುಗೆಮನೆಯಲ್ಲಿ ಮೂವರಿದ್ದರು. ಮಾತು ನಿಲ್ಲಿಸಿದರು. ಒಬ್ಬ ಟೋಪಿ ತೆಗೆದ. ಅವರು ಒಳ್ಳೆಯವರೇ ಇರಬಹುದು ಅಮ್ಮ. ಅದನ್ನು ತಿಳಿಯಲು ಅಲ್ಲಿ ಇರಬೇಕಲ್ಲ.

ಮಾಲೀಕನ ಹೆಸರು ಮಿಸ್ಟರ್ ಥ್ರೆಲ್‌ಫಾಲ್. ಚೊಕ್ಕ ಅಂಗಿ, ಮೆತ್ತನೆ ದನಿ. ಕೋಣೆ ಮೇಲಿನ ಮಹಡಿಯ ಕೊನೆಯದು. ಕಿಟಕಿಯಿಂದ ಸಮುದ್ರದ ಒಂದು ಚೂರು ಕಾಣುತ್ತದೆ.

"ಜೊತೆಗೆ ಯಾರಾದ್ರೂ ಇರ್ತಾರಾ?" ಎಂದ.

"ಇಲ್ಲ."

"ಗೆಳೆಯ ಗಿಳೆಯ?"

"ಒಬ್ಬಳೇ."

"ಅಪ್ಪ ಅಮ್ಮ ಬಂದು ಹೋಗ್ತಾರಾ?"

ನಾನು ಬಾಯಿ ತೆರೆದೆ. ಅಮ್ಮ ಇದ್ದಾಳೆ, ಡಿಸೆಂಬರ್‌ಗೆ ಬರುತ್ತಾಳೆ ಎನ್ನಬೇಕೆಂದೆ. ಎಲ್ಲಿಂದ ಬರುತ್ತಾಳೆ ಎಂದು ಕೇಳಿದರೆ ಕೋಣೆ ಹೋಗುತ್ತದೆ ಎಂದು ನೆನಪಾಯಿತು. "ಯಾರೂ ಇಲ್ಲ" ಎಂದೆ. ಕ್ಷಮಿಸು.

"ಒಳ್ಳೇದಾಯ್ತು" ಎಂದ. "ಒಂಟಿ ಹುಡುಗಿಯರಾದ್ರೆ ಗಲಾಟೆ ಇರಲ್ಲ."

ಜೇಬಿನಿಂದ ಎರಡು ಬೀಗದ ಕೈ ತೆಗೆದ. ಒಂದನ್ನು ನನ್ನ ಅಂಗೈಯಲ್ಲಿಟ್ಟ. ಇನ್ನೊಂದನ್ನು ಕೇಳೋಣವೆಂದು ನಾನು ಕೈ ಚಾಚಿಕೊಂಡೇ ನಿಂತಿದ್ದೆ. ಅವನು ಅದನ್ನು ತನ್ನ ಗೊಂಚಲಿಗೆ ಪೋಣಿಸಿಕೊಂಡು, ನನ್ನ ಚಾಚಿದ ಕೈಯನ್ನು ಕುಲುಕಿ, "ಯಾವಾಗ ಬರ್ತೀಯಾ?" ಎಂದ.

ನಾಳೆ ಹೋಗುತ್ತಿದ್ದೇನೆ.

ನಿನ್ನ
ಟೇಗನ್